ಹೋರಿಯ ಹುಟ್ಟು ಕೇಳುತ್ತಿದ್ದ ಅತ್ತೆ

ನನ್ನ ಸೋದರತ್ತೆಯ ಎರಡೂ ಕೈಗಳು ಒಬ್ಬಳೇ ಹೆಂಗಸಿನವು ಎಂದು ನಂಬುವುದು ಕಷ್ಟವಿತ್ತು. ಎಡಗೈ ಹೊಲದ ಕೈ: ಒಡೆದ ಅಂಗೈ, ಕುಡುಗೋಲು ತಾಗಿದ ಗುರುತು, ಉಗುರಿನ ಸಂದಿಯಲ್ಲಿ ಎರೆಮಣ್ಣು. ಬಲಗೈ ಮಾತ್ರ ಮೊಣಕೈವರೆಗೂ ಎಣ್ಣೆ ಕುಡಿದ ಕಟ್ಟಿಗೆಯಂತೆ ನುಣ್ಣಗಿತ್ತು. ಅಂಗೈ ಸಪೂರ, ಬೆರಳು ಉದ್ದ. ಆ ಕೈಯ ಉಗುರುಗಳನ್ನು ಬ್ಲೇಡು ಹಿಡಿದು ಮಾಂಸ ಮುಟ್ಟುವಷ್ಟು ಕತ್ತರಿಸಿಕೊಂಡಿರುತ್ತಿದ್ದಳು. ಆ ಕೈಯಿಂದ ಆಕೆ ಖಾರ ಕುಟ್ಟುತ್ತಿರಲಿಲ್ಲ, ಮೆಣಸಿನಕಾಯಿ ಬಿಡಿಸುತ್ತಿರಲಿಲ್ಲ.

“ಇದು ದನದ ಕೈ. ಖಾರ ಮುಟ್ಟಿದ್ರ ಒಳಗ ಉರೀತೈತಿ. ಪಾಪ, ಅದಕ್ಕ ಹೇಳಾಕ ಬಾಯಿಲ್ಲ,” ಎನ್ನುತ್ತಿದ್ದಳು.

ಈಯಲಾರದೆ ಒದ್ದಾಡುವ ಆಕಳಿನೊಳಗೆ ಸಿಕ್ಕಿಬಿದ್ದ ಕರುವಿನ ಕಾಲು ಎಲ್ಲಿ, ಮೂತಿ ಎಲ್ಲಿ ಎಂದು ಹುಡುಕಿ ದಾರಿಗೆ ತರುತ್ತಿದ್ದ ಕೈ ಅದು. ಸುತ್ತಲಿನ ಮಂದಿ ಆ ಕೈಗೆ ನಮಸ್ಕಾರ ಮಾಡುತ್ತಿದ್ದರು. ಆಕೆಯ ಬಾಯಿಗೆ ಹೆದರುತ್ತಿದ್ದರು.

ತೀರಿಹೋದವರನ್ನು ಕುರಿತು ಬರೆಯುವಾಗ ‘ಕರುಣಾಮಯಿ’ ಎಂದು ಬರೆಯುವುದು ರೂಢಿ. ಹಾಗೆ ಬರೆದರೆ ಅತ್ತೆಯೇ ಎದ್ದು ಬಂದು ಕಾಗದ ಹರಿದಾಳು. ಆಕೆಗೆ ಕರುಣೆ ಇದ್ದದ್ದು ನಾಲ್ಕು ಕಾಲಿನವುಗಳ ಮೇಲೆ. ಎರಡು ಕಾಲಿನವರು ಮಾಡಿದ್ದನ್ನು ಆಕೆ ಮರೆಯುತ್ತಿರಲಿಲ್ಲ, ಮರೆತೆ ಎಂದು ಸುಳ್ಳೂ ಹೇಳುತ್ತಿರಲಿಲ್ಲ. ನಾನು ಆಕೆಯನ್ನು ಅಷ್ಟು ಹಚ್ಚಿಕೊಂಡದ್ದು ಅದಕ್ಕೇ ಇರಬೇಕು. ನಾನು ವಿಜಯಪುರದ ಸ್ಟೇಷನ್ ರಸ್ತೆಯ ಒಂದು ವಿಮಾ ಕಚೇರಿಯಲ್ಲಿ ಕೂತು ಮಂದಿಯ ಅನಾಹುತಗಳ ಕಾಗದ ನೋಡುವವನು. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್ ಹತ್ತಿದವನು ಇಳಿದು ಮನೆಗೆ ಮರಳಿದ್ದುಂಟು. ಸೇಡಿನ ವಿಷಯದಲ್ಲಂತೂ ನಾನು ಬಚ್ಚಲಮನೆಯ ಶೂರ. ಕಿಟಕಿ ಪಕ್ಕದ ನನ್ನ ಕುರ್ಚಿಯನ್ನು ನುಂಗಿದ ಸಹೋದ್ಯೋಗಿಗೆ ತಲೆಯ ಮೇಲೆ ನೀರು ಹೊಯ್ದುಕೊಳ್ಳುತ್ತ ಎಂಥೆಂಥ ಮಾತು ಅಂದಿದ್ದೇನೆ; ಕಚೇರಿಗೆ ಹೋಗಿ ಅವನಿಗೆ ಮೊದಲು ನಮಸ್ಕಾರ ಹೇಳಿದವನೂ ನಾನೇ. ಇದನ್ನು ಹೇಳಿಕೊಂಡಾಗ ಅತ್ತೆ ನಗಲಿಲ್ಲ, ಮರುಗಿದಳು.

“ನಿಂದು ಹಸೀ ಸಿಟ್ಟೋ ತಮ್ಮಾ. ಸೇಡಂದ್ರ ಗಬ್ಬ ಇದ್ದಂಗ. ದಿನಾ ತುಂಬೂತನಕಾ ಹೊಟ್ಟ್ಯಾಗ ಇಟ್ಕೋಬೇಕು. ನಡುವ ಎಳದಿ ಅಂದ್ರ ಅದೂ ಸಾಯ್ತೈತಿ, ನೀನೂ ಸಾಯ್ತಿ.”

ಆಕೆಯ ಮನೆ ತಿಕೋಟಾ ದಾಟಿ ಬಬಲೇಶ್ವರದ ಕಡೆ ಹೊರಳುವಲ್ಲಿ, ಹೊಲದಲ್ಲೇ ಇತ್ತು. ಗಂಡ ತೀರಿಕೊಂಡ ಮೇಲೆ ಹೊಲವನ್ನು ಕೋರಿಗೆ, ಅಂದರೆ ಬೆಳೆಯ ಪಾಲಿಗೆ, ಕೊಟ್ಟು, ತಾನು ದನ ಕಟ್ಟಿಕೊಂಡು ಇದ್ದುಬಿಟ್ಟಳು. ಆ ಭಾಗದಲ್ಲಿ ಯಾರಾದರೂ ಬೀಜದ ಹೋರಿ ಕೊಳ್ಳುವುದಾದರೆ ಡುಬ್ಬ ನೋಡುತ್ತಾರೆ, ಕೋಡಿನ ಬಾಗು ನೋಡುತ್ತಾರೆ, ನಡಿಗೆ ನೋಡುತ್ತಾರೆ. ಅತ್ತೆ ಹೋರಿಯ ಕಡೆ ಸರಿಯಾಗಿ ನೋಡುತ್ತಲೂ ಇರಲಿಲ್ಲ. ಅದರ ಯಜಮಾನನನ್ನು ಕೂರಿಸಿಕೊಂಡು ಕೇಳುತ್ತಿದ್ದಳು:

“ಇದು ಹುಟ್ಟಿದ ದಿನಾ ಹೆಂಗಿತ್ತು? ಒಬ್ಬ ಮನಶ್ಯಾ ಬಗಲಾಗ ಹಿಡಕೊಂಡ ನಡದ್ನೋ, ಇಬ್ಬರ ಎತ್ತಬೇಕಾತೋ? ಇದರವ್ವ ತಾನ ಹಾಕಿತೋ, ನೀವು ಜಗ್ಗಿದಿರೋ? ಇದರ ಕರಗೋಳು ಯಾರ ಮನ್ಯಾಗ ಅದಾವು?”

ಆಮೇಲೆ ಆ ಮನೆಗಳಿಗೂ ಹೋಗುತ್ತಿದ್ದಳು. ಅಲ್ಲಿ ಗಂಡಸರನ್ನು ಕೇಳುತ್ತಿರಲಿಲ್ಲ. “ಗಂಡಸ್ರಿಗಿ ಕರಾ ಹುಟ್ಟಿದ್ದಷ್ಟ ಗೊತ್ತಿರತೈತಿ. ಆಕಳ ಹೆಂಗ ಒದ್ದಾಡಿತು ಅನ್ನೂದು ಹೆಂಗಸ್ರಿಗಿ ನೆನಪಿರತೈತಿ,” ಎನ್ನುತ್ತಿದ್ದಳು. ಕರು ಹಾಕಿ ರೂಢಿಯಾದ ಆಕಳಿಗೆ ಯಾವ ಹೋರಿಯಾದರೂ ನಡೆದೀತು. ಇನ್ನೂ ಒಂದೂ ಕರು ಹಾಕದ ಹರೆಯದ ಆಕಳು, ನಮ್ಮ ಕಡೆ ಮಣಕ ಎನ್ನುತ್ತೇವೆ, ಅದಕ್ಕೆ ಮಾತ್ರ ಹಣೆ ಕಿರಿದು, ಭುಜ ಚಪ್ಪಟೆ, ಮೈ ಉದ್ದ ಇರುವ ಹೋರಿಯೇ ಆಗಬೇಕು. ಆ ಹೋರಿಯೂ ಹುಟ್ಟುವಾಗ ಹಗುರ ಇದ್ದಿರಬೇಕು, ಅದರ ಕರುಗಳೂ ಹಗುರ ಇಳಿದಿರಬೇಕು.

“ಭಾರ ಹೊರಗ ಬಂದ ಮ್ಯಾಲ ಆಗ್ಲಿ. ಹುಲ್ಲ ಐತಿ, ಹಿಂಡಿ ಐತಿ. ಒಳಗ ಯಾಕ ಆಗಬೇಕು?”

ಈ ಪರೀಕ್ಷೆಯನ್ನು ಆಕೆ ಮನುಷ್ಯರಿಗೂ ಹಚ್ಚಿದಳು. ನನ್ನ ತಂಗಿಯನ್ನು ನೋಡಲು ವರನ ಕಡೆಯವರು ಬಂದಾಗ ಅಪ್ಪ ಹುಡುಗನ ನೌಕರಿ ವಿಚಾರಿಸುತ್ತಿದ್ದರು. ಅತ್ತೆ ಹುಡುಗನ ತಲೆಯ ಅಗಲವನ್ನು ಕಣ್ಣಲ್ಲೇ ಅಳೆದು, ಅವನ ತಾಯಿಯ ಕಡೆ ಬಾಗಿ ಕೇಳಿದಳು: “ಅಕ್ಕಾರ, ಇವರನ್ನ ಹಡಿಯೂವಾಗ ನಿಮಗ ಭಾಳ ತ್ರಾಸ ಆತೇನ್ರಿ?” ಅಪ್ಪನ ಕೈಯಲ್ಲಿದ್ದ ಬಸಿಯಿಂದ ಚಹಾ ಚೆಲ್ಲಿತು. ಆ ತಾಯಿ ಮಾತ್ರ ಇಂಥ ಪ್ರಶ್ನೆಗಾಗಿಯೇ ಬಹಳ ವರ್ಷದಿಂದ ಕಾಯುತ್ತಿದ್ದವರಂತೆ ಖುಷಿಯಾಗಿ, “ಇಲ್ರೀ ಯವ್ವಾ, ರೊಟ್ಟಿ ಬಡೀತ ಕುಂತಿದ್ದೆ. ಹಂಚ ಆರೂದ್ರಾಗ ಹಡದಿದ್ದೆ,” ಎಂದರು. “ಹಂಗಾರ ಮುಂದಿನ ಮಾತ ಆಡ್ರಿ,” ಎಂದಳು ಅತ್ತೆ ಅಪ್ಪನಿಗೆ. ನಾನು ಹುಟ್ಟುವಾಗ ಅವ್ವ ಬಹಳ ಕಷ್ಟಪಟ್ಟಿದ್ದಳಂತೆ. ಅದಕ್ಕೆ ನನ್ನ ಕುಂಬಳಕಾಯಿಯಂಥ ತಲೆ ಕಂಡಾಗಲೆಲ್ಲ, “ನೀ ಹೋರಿ ಆಗಿದ್ರ ನಾ ಯಾರ ಮಣಕಕ್ಕೂ ಬಿಡ್ತಿದ್ದಿಲ್ಲ,” ಎನ್ನುತ್ತಿದ್ದಳು. ಈ ಮಾತನ್ನು ನನ್ನ ಹೆಂಡತಿ ಇಂದಿಗೂ ಬಳಸುತ್ತಾಳೆ.

ಇನ್ನು ಸೇಡಿನ ವಿಷಯಕ್ಕೆ ಬರುತ್ತೇನೆ.

ಅತ್ತೆಯ ಹೊಲದ ಒಡ್ಡಿನ ಆಚೆ ಆಕೆಯ ಮೈದುನನ ದ್ರಾಕ್ಷಿ ತೋಟ, ನಾವು ಪಡ ಎನ್ನುತ್ತೇವೆ; ಅದರ ಆ ತುದಿಗೆ ಅವನ ಮನೆ, ಕೊಟ್ಟಿಗೆ. ನನಗೆ ಅವನು ಸಣ್ಣಮಾಮಾ. ಇಸ್ತ್ರಿಯ ಬಿಳಿ ಅಂಗಿ, ಯಾವಾಗಲೂ ನಾಲ್ಕು ಮಂದಿಯ ನಡುವೆ ನಿಲ್ಲುವ ಚಟ. ಅವನು ಗಡಿಯಾಚೆ ಹೋಗಿ ಒಂದು ಮಿಶ್ರ ತಳಿಯ ಕರಿ ಹೋರಿ ತಂದಿದ್ದ. ಅದು ಎದೆ ತಿರುಗಿಸಿ ನಿಂತರೆ ಕೊಟ್ಟಿಗೆಯ ಬಾಗಿಲು ಮುಚ್ಚಿಹೋಗುತ್ತಿತ್ತು. ಪ್ರದರ್ಶನಗಳಲ್ಲಿ ಬಹುಮಾನ ಬಂತು. ಅದರ ಪಕ್ಕ ತಲೆಗೆ ಪಟಗಾ ಸುತ್ತಿಕೊಂಡು ನಿಂತ ಮಾಮಾನ ಫೋಟೋ ನಮ್ಮೆಲ್ಲರ ಮೊಬೈಲಿಗೂ ಬಂತು. ಹಾಲಿನ ಆಸೆಗೆ ಮಂದಿ ತಮ್ಮ ಸಣ್ಣ ಮೈಯ ಕಿಲಾರಿ ತಳಿಯ ಮಣಕಗಳನ್ನೂ ಅದಕ್ಕೆ ಹೊಡೆದುಕೊಂಡು ಬರತೊಡಗಿದರು. ಅತ್ತೆ ಒಡ್ಡಿನ ಮೇಲೆ ನಿಂತು ಹೇಳಿದಳು: “ತಮ್ಮಾ, ಆ ಹೋರಿ ದೊಡ್ಡ ಆಕಳಿಗಿ ಇರಲಿ. ಮಣಕಕ್ಕ ಬಿಡಬ್ಯಾಡ.”

“ವೈನಿ, ನೀವು ಹೆಂಗಸರು. ಭಾರದ ಬೆಲಿ ನಿಮಗೇನ ಗೊತ್ತು?” ಎಂದ ಅವನು.

ಅತ್ತೆಯ ಬಳಿ ಒಂದು ಬಿಳಿ ಮಣಕವಿತ್ತು. ತಾಯಿ ಸತ್ತ ಕರುವನ್ನು ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದಳು. ಅದು ಆಕೆ ಊರಿಗೆ ಹೊರಟರೆ ರಸ್ತೆಯ ತನಕ ಹಿಂದೆ ಬರುತ್ತಿತ್ತು. ನನ್ನ ತಂಗಿಯ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆಂದು ಆಕೆ ವಿಜಯಪುರಕ್ಕೆ ಬಂದು ಉಳಿದಿದ್ದಾಗ ಮಣಕ ಬೆದೆಗೆ ಬಂತು. ಮಾಮಾ ತನ್ನ ಹೋರಿಯನ್ನು ಒಡ್ಡು ದಾಟಿಸಿದ. ಆಕೆ ಮರಳಿದಾಗ ಹೇಳಲೂ ಇಲ್ಲ. ಹೊಟ್ಟೆ ಎದ್ದು ಕಂಡ ಮೇಲೆ ಆಕೆ ಕೇಳಲು ಹೋದರೆ, ನಾಲ್ಕು ಮಂದಿಯ ನಡುವೆ ನಿಂತು ನಕ್ಕ: “ನಿಮ್ಮ ಕೆಲಸಾ ಪುಕ್ಕಟ ಮಾಡಿಕೊಟ್ಟೇನಿ. ಮುಂದ ಹಾಲ ಕರಿಯೂವಾಗ ನನ್ನ ನೆನಸ್ರಿ.”

ದಿನ ತುಂಬಿತು. ಕರು ಹೊರಬರಲಿಲ್ಲ. ಭುಜ ಅಡ್ಡ ಸಿಕ್ಕಿತ್ತು. ಅತ್ತೆಯ ಕೈ, ಊರವರು ಡಾಕ್ಟರ್ ಬಾಯಿ ಎಂದು ಕರೆಯುವ ದನದ ಡಾಕ್ಟರಮ್ಮನ ಕೈ, ಎರಡೂ ಸೇರಿ ಹೊರಗೆ ತೆಗೆದದ್ದು ಸತ್ತ ಕರುವನ್ನು. ಕರುವೆಂದರೆ ಯಾರೂ ನಂಬದಂಥ ಗಾತ್ರ. ಮಣಕದ ಹಿಂಗಾಲು ಸತ್ತುಹೋದವು. ಏಳಲಾರದ ಅದನ್ನು ಅತ್ತೆ ಗೋಣಿಚೀಲ ಹಾಸಿ ಈ ಮಗ್ಗುಲು ಆ ಮಗ್ಗುಲು ಹೊರಳಿಸುತ್ತ, ಬಾಯಿಗೆ ಹುಲ್ಲು ಹಿಡಿಯುತ್ತ ಇದ್ದಳು. ಒಂದು ಮುಂಜಾನೆ ಅದು ಹುಲ್ಲಿಗೆ ಬಾಯಿ ತೆರೆಯಲಿಲ್ಲ.

ಮಾಮಾ ಬಂದು ನಿಂತ. “ಹಣೇಬಾರ ವೈನಿ. ನಿಮ್ಮ ಮಣಕದಾಗ ಕಸುವ ಕಡಿಮಿ ಇತ್ತು.”

“ಹೂಂ,” ಎಂದಳು ಅತ್ತೆ. ಅಷ್ಟೇ.

ನನಗೆ ಫೋನ್ ಮಾಡಿದಾಗ ಆಕೆಯ ದನಿಯಲ್ಲಿ ಅಳು ಇರಲಿಲ್ಲ. “ತಮ್ಮಾ, ಆ ಹೋರಿ ಇನ್ನ ಹೋರಿ ಆಗಿ ಉಳಿಯೂದಿಲ್ಲ. ನಾನ ಎತ್ತ ಮಾಡಸ್ತೇನಿ. ಅವನ ಬಾಯಿಂದನ ಹೂಂ ಅನಸ್ತೇನಿ.” ಬೀಜ ಒಡೆಸಿ ಹೋರಿಯನ್ನು ಎತ್ತು ಮಾಡುವುದು ಎಲ್ಲರ ಮನೆಯಲ್ಲೂ ಇರುವುದೇ. ಆದರೆ ಬಹುಮಾನದ ಹೋರಿಗೆ ಯಾರು ಹಾಗೆ ಮಾಡಿಸುತ್ತಾರೆ? ಹೋರಿಗೆ ವಿಷ, ಪೊಲೀಸು, ಕೋರ್ಟು, ಸಾಕ್ಷಿ ಕಟಕಟೆಯಲ್ಲಿ ನಾನು, ಎಲ್ಲವೂ ನನ್ನ ಕಣ್ಣ ಮುಂದೆ ಹಾದುಹೋದವು. ಮರುದಿನ ಫೋನ್ ಮಾಡಿ, “ಅತ್ತಿ, ವಿಷಾ ಗಿಷಾ ಏನೂ...” ಎಂದೆ.

“ಥೂ ನಿನ್ನ. ಹೋರಿ ಏನ ಮಾಡೇತಿ? ಬಿಟ್ಟಾಂವ ಮಾಡ್ಯಾನ.”

ಆಕೆ ಮೊದಲು ಮಾಡಿದ್ದು ಒಂದು ಹೋರಿಗರು ತಂದದ್ದು. ಮಮದಾಪುರದ ಕೆರೆಗಳ ಕಡೆ ದನ ಮೇಯಿಸುವವರ ಹಿಂಡುಗಳಿವೆ. ರಜೆಯ ದಿನ ನನ್ನನ್ನು ಸ್ಕೂಟರ್ ಸಮೇತ ಕರೆಸಿಕೊಂಡು ಅಲ್ಲಿಗೆ ಹೋದಳು. ದಷ್ಟಪುಷ್ಟ ಕರುಗಳನ್ನೆಲ್ಲ ಬಿಟ್ಟು ಒಂದು ಸಣಕಲ ಕಿಲಾರಿ ಕರುವಿನ ಮುಂದೆ ನಿಂತು, ಹಿಂಡಿನವನ ಹೆಂಡತಿಯನ್ನು ತನ್ನ ಪ್ರಶ್ನೆ ಕೇಳಿದಳು. ಅವಳು ಬೆನ್ನಿಗೆ ಕಟ್ಟಿದ ಕೂಸನ್ನು ಸರಿಮಾಡಿಕೊಳ್ಳುತ್ತ ಅಂದಳು: “ಇದಾ? ಮೇಯ್ಕೋಂತ ಹೊಂಟಿತ್ರಿ ಆಕಳ, ಹಂಗ ಹಾಕ್ತು. ನಾ ಓಡಿ ಹೋಗೂದ್ರಾಗ ಕರಾ ನೆಕ್ಕಿ ಮತ್ತ ಮೇಯಾಕತ್ತಿತ್ತು.” ಅತ್ತೆ ಸೆರಗಿನ ಗಂಟು ಬಿಚ್ಚಿ ದುಡ್ಡು ಎಣಿಸಿದಳು.

ಕರು ಮನೆಗೆ ಬಂದಾಗ ಊರವರು ನಕ್ಕರು. “ಕಾಕೀ, ಹೋರಿ ತಂದೀಯೋ, ಆಡ ತಂದೀಯೋ?”

“ನಿಮ್ಮ ಮಣಕದ ಕಿವ್ಯಾಗ ಕೇಳ್ರಿ, ಅದು ಹೇಳತೈತಿ.”

ಅದು ಬೆಳೆದು ನಿಂತಿತು. ಅದರ ಕರುಗಳು ಮೊಲದ ಮರಿಗಳಂತೆ ಇಳಿದು, ಮಧ್ಯಾಹ್ನದೊಳಗೆ ಕೊಟ್ಟಿಗೆ ತುಂಬ ಜಿಗಿದಾಡುತ್ತಿದ್ದವು; ವರ್ಷ ತುಂಬುವುದರೊಳಗೆ ಉಳಿದ ಕರುಗಳ ಸರಿಸಮಕ್ಕೆ ಬರುತ್ತಿದ್ದವು. ಸುದ್ದಿ ಗಂಡಸರಿಗಿಂತ ಮೊದಲು ಹೆಂಗಸರಿಗೆ ಮುಟ್ಟಿತು. ಮಣಕಗಳೆಲ್ಲ ಒಡ್ಡಿನ ಈ ಕಡೆ ಬರತೊಡಗಿದವು. ಡಾಕ್ಟರ್ ಬಾಯಿಯವರೂ, “ಮೊದಲನೇ ಸಲಕ್ಕ ನಾವೂ ಹಗುರ ಕರಾ ಕೊಡೂ ಹೋರಿ ಬೀಜಾನ ಹಾಕ್ತೇವಿ. ಅತ್ತಿಯಾರ ಹೇಳೂದು ಬರೋಬರಿ ಐತಿ,” ಎಂದರು.

ಮಾಮಾನ ಹೊಟ್ಟೆ ಉರಿಯಿತು. ಬಬಲೇಶ್ವರದಲ್ಲಿ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವಂತೆ ಅಂದ: “ನಮ್ಮ ವೈನಿ ಹೋರಿ ಕರಗೋಳನ್ನ ಕೈಚೀಲದಾಗ ಹಾಕೊಂಡ ಸಂತಿಗಿ ಹೋಗಬೌದು.”

ಪಂಕ್ತಿ ನಕ್ಕಿತು. ಎದುರು ಸಾಲಿನಲ್ಲಿ ಕೂತಿದ್ದ ಅತ್ತೆ ಹುಗ್ಗಿಗೆ ತುಪ್ಪ ಹಾಕಿಸಿಕೊಂಡು, “ಹೌದಪ್ಪಾ, ಹಗುರ ಅದಾವು. ನಿಂದು ಅಷ್ಟ ಚಲೋ ಇದ್ರ, ಊರ ಮಂದಿ ಮಣಕಕ್ಕ ಬಿಡ್ತಿ, ನಿನ್ನ ಬೀಗರು ಕೊಟ್ಟ ಮಣಕಾ ಯಾಕ ಮುಚ್ಚಿ ಕಟ್ಟೀದಿ?” ಎಂದಳು.

ಮಾಮಾನ ಸೊಸೆ ಮಮದಾಪುರದವಳು. ಮದುವೆಯಲ್ಲಿ ತವರಿನವರು ಅವಳ ಜೊತೆ ಒಂದು ಕಿಲಾರಿ ಮಣಕ ಕಳಿಸಿದ್ದರು. “ಯಾರ ಮುಚ್ಚಿ ಕಟ್ಟ್ಯಾರ?” ಎಂದು ಮಾಮಾ ಎಲೆ ಬಿಟ್ಟು ಎದ್ದ. “ಅದಕ್ಕೂ ಬಿಡ್ತೀನಿ. ಈದ ದಿನಾ ಎಲ್ಲಾರೂ ಬಂದ ನೋಡ್ರಿ.”

ಬರುವಾಗ ಬಸ್ಸಿನಲ್ಲಿ ನಾನು ಕೇಳಿದೆ: “ಅತ್ತಿ, ಆ ಮಣಕದ್ದೇನ ತಪ್ಪೈತಿ?” ತಿಕೋಟಾದಲ್ಲಿ ಇಳಿಯುವಾಗ ಆಕೆ, “ಮಾತ ಬಾಯಿ ದಾಟಿ ಹೋತು,” ಎಂದಳು. ಆಮೇಲೆ ತಿಳಿಯಿತು, ಆಕೆ ಆ ಸೊಸೆಯನ್ನು ಒಡ್ಡಿನ ಬಳಿ ಕರೆದು, ಕಡೆಯ ತಿಂಗಳುಗಳಲ್ಲಿ ಹಿಂಡಿ ಕಡಿಮೆ ಹಾಕು, ಕೊಬ್ಬಿಸಬೇಡ, ದಿನಾ ಅಡ್ಡಾಡಿಸು ಎಂದು ಹೇಳಿಕೊಡುತ್ತಿದ್ದಳಂತೆ. ಮಾವನಿಗೆ ಗೊತ್ತಾಗದಂತೆ ಆ ಹುಡುಗಿ ಹಾಗೇ ಮಾಡಿದಳು.

ಆ ಮಣಕ ಈಯುವ ದಿನ ಬಂದದ್ದು ಭಾನುವಾರ. ನಾನು ಅತ್ತೆಯ ಕಟ್ಟೆಯ ಮೇಲೆ ಮಜ್ಜಿಗೆ ಕುಡಿಯುತ್ತಿದ್ದೆ. ಆಕೆ ಜೋಳ ಹಸನು ಮಾಡುತ್ತಿದ್ದಳು. ಮಾಮಾ ಬೈಕು ನಿಲ್ಲಿಸಿ ಗೇಟಿನ ಹೊರಗೇ ನಿಂತ. ಅಂಗಿಯ ತೋಳಿಗೆ ರಕ್ತ ಹತ್ತಿತ್ತು. ಸುತ್ತ ನಾಲ್ಕು ಮಂದಿ ಇರದೆ ಅವನನ್ನು ನೋಡಿದ್ದು ಅದೇ ಮೊದಲು.

“ವೈನಿ, ಮಣಕ ಈಯಾಕ ಒಲ್ಲದು. ಡಾಕ್ಟರ್ ಬಾಯಾರು ಇಟ್ಟಂಗಿಹಾಳದಾಗ ಅದಾರ, ಬರೂದು ತಡಾ ಆಕ್ಕೈತಿ.”

ಅತ್ತೆ ಮೊರದಿಂದ ಒಂದು ಹರಳು ಆರಿಸಿ ಬಿಸಾಕಿದಳು. “ಕಸುವ ಕಡಿಮಿ ಇರಬೇಕು.”

“ವೈನಿ.”

“ಹಣೇಬಾರ ಅನ್ನು.”

ಮಾಮಾ ತಲೆ ತಗ್ಗಿಸಿದ. ಅತ್ತೆ ಮೊರ ಕೆಳಗಿಟ್ಟಳು. ಅವನು ಬೈಕಿನ ಕಡೆ ಕೈ ಮಾಡಿದ. “ನಿನ್ನ ಗಾಡಿ ಹತ್ತೂದಿಲ್ಲ,” ಎಂದು ನನ್ನ ಸ್ಕೂಟರಿನ ಹಿಂದೆ ಕೂತಳು. ನಾನು ಒಮ್ಮೆಲೇ ಗಾಡಿ ಜಿಗಿಸಿದ್ದಕ್ಕೆ, “ಸಾವಕಾಶ ನಡಸು, ನಾವ ಬಿದ್ದ್ರ ಆ ಮಣಕದ ಗತಿ ಏನು?” ಎಂದಳು.

ಕೊಟ್ಟಿಗೆಯಲ್ಲಿ ಮಣಕ ಮಲಗಿತ್ತು. ಕರುವಿನ ಮುಂಗಾಲಿನ ಗೊರಸು ಕಾಣುತ್ತಿದ್ದವು. ಎರಡಕ್ಕೂ ಒಟ್ಟಿಗೆ ಹಗ್ಗ ಬಿಗಿದು ಆಳುಗಳು ಜಗ್ಗುತ್ತಿದ್ದರು.

“ಬಿಡ್ರಿ ಹಗ್ಗ. ಬಾವಿ ನೀರ ಸೇದಾಕತ್ತೀರೇನ?”

ಸಾಬೂನು ಹಚ್ಚಿ ತೊಳೆದು, ಕುಸುಬಿ ಎಣ್ಣೆ ಸವರಿಕೊಂಡು, ಆಕೆ ನೆಲಕ್ಕೆ ಒರಗಿ ಕೈ ಒಳಗೆ ಇಟ್ಟಳು. ಮುಖ ನಮ್ಮ ಕಡೆ ಇತ್ತು, ಕಣ್ಣು ಎಲ್ಲಿಯೂ ಇರಲಿಲ್ಲ. ಮಣಕ ಮುಲುಗಿತು. ಸೊಸೆ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅಳುತ್ತಿದ್ದಳು. ನೋಡಲು ಬನ್ನಿ ಎಂದು ಮಾಮಾನೇ ಕರೆದಿದ್ದನಲ್ಲ, ಊರೆಲ್ಲ ಬಾಗಿಲಲ್ಲಿ ನೆರೆದಿತ್ತು.

ಅತ್ತೆ ಹಾಗೇ ಮಲಗಿದ್ದವಳು ಮಾಮಾನನ್ನು ಕೇಳಿದಳು: “ತಮ್ಮಾ, ಹೋರಿ ಎತ್ತ ಮಾಡಸ್ತಿ?”

“ವೈನಿ, ಇದು ಮಾತಾಡೂ ಹೊತ್ತೇನ್ರಿ?”

“ಇದ ಹೊತ್ತು.”

“ಮೊದಲ ಕರಾ ತಗೀರಿ.”

“ಮೊದಲ ಹೂಂ ಅನ್ನು. ಎಲ್ಲಾರಿಗೂ ಕೇಳಂಗ.”

ಬಾಗಿಲಲ್ಲಿ ಯಾರೋ “ಎಂಥಾ ಹೆಂಗಸೋ ಯಪ್ಪಾ,” ಎಂದರು. ಅತ್ತೆ ಕೈ ನಿಲ್ಲಿಸಿದ್ದಾಳೆ, ಮಣಕ ಸಾಯುತ್ತದೆ, ಈ ಪಾಪ ನಮ್ಮ ಮನೆತನಕ್ಕೆ ಹತ್ತುತ್ತದೆ ಎಂದು ಬಗ್ಗಿ ನೋಡಿದೆ. ಆಕೆಯ ಪಕ್ಕದಲ್ಲೇ ಕೂತಿದ್ದ ನನಗೆ ಮಾತ್ರ ಕಂಡದ್ದು ಇದು: ಮೊಣಕೈಯ ಮೇಲಿನ ಸ್ನಾಯು ಒಂದೇ ಸಮನೆ ಮಿಡಿಯುತ್ತಿತ್ತು. ಮಾತಾಡುತ್ತಲೇ ಆಕೆ ಕರುವಿನ ಒಂ​ದು ಭುಜವನ್ನು ಹಿಂದಿಟ್ಟು ಇನ್ನೊಂದನ್ನು ಮುಂದೆ ತರುತ್ತಿದ್ದಳು. ಕೈ ಒಂದು ಗಳಿಗೆಯೂ ನಿಂತಿರಲಿಲ್ಲ. ನಾನು ಬಾಯಿ ಬಿಡಲಿಲ್ಲ.

“ಹೂಂ ಅನ್ರೀ ಮಾವಾರ,” ಎಂದು ಸೊಸೆ ಚೀರಿದಳು. “ನಮ್ಮಪ್ಪಗ ಏನ ಹೇಳ್ಲಿ ನಾನು?”

ಮಾಮಾ ಬಾಗಿಲಲ್ಲಿದ್ದ ಮುಖಗಳನ್ನೆಲ್ಲ ಒಮ್ಮೆ ನೋಡಿದ. “ಹೂಂ. ಮಾಡಸ್ತೇನಿ.”

“ಈಗ ಹಗ್ಗ ಹಿಡೀರಿ,” ಎಂದಳು ಅತ್ತೆ. “ಎರಡೂ ಕೂಡಿ ಅಲ್ಲ. ಇದೊಮ್ಮೆ, ಅದೊಮ್ಮೆ. ಅದು ತಿಣಕಿದಾಗ ಅಷ್ಟ, ಕೆಳಮುಖ.” ಒಂದು ಭುಜ ಬಂತು, ಇನ್ನೊಂದು ಬಂತು, ಆಮೇಲೆ ಎಲ್ಲವೂ ಜಾರಿ ಬಂತು. ಕರು ಬದುಕಿತ್ತು. ಸಂಜೆಯ ಹೊತ್ತಿಗೆ ಮಣಕ ಎದ್ದು ನಿಂತಿತು. ಅತ್ತೆ ಅದು ಏಳುವ ತನಕ ಅಲ್ಲೇ ಕೂತಿದ್ದಳು. ಸೊಸೆ ತಂದ ನೀರನ್ನು ಕೈ ತೊಳೆಯಲು ಬಳಸಿದಳು, ಕುಡಿಯಲಿಲ್ಲ.

ಮಾಮಾ ಮಾತಿಗೆ ತಪ್ಪಿದ. ಪ್ರದರ್ಶನ ಮುಗಿಯಲಿ, ಹಬ್ಬ ಮುಗಿಯಲಿ ಎಂದ. ಅತ್ತೆ ಜಗಳವಾಡಲಿಲ್ಲ. ಮುಂಜಾನೆ ಎದ್ದು ಹೋಗಿ ಅವನ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂರತೊಡಗಿದಳು. ನಮ್ಮ ಕಡೆ ಮನೆಗೆ ಬಂದವರು ನೀರು ಮುಟ್ಟದೆ ಕೂತರೆ ಆ ಮನೆಯವರಿಗೆ ತುತ್ತು ಇಳಿಯುವುದಿಲ್ಲ. ಆಕೆ ನೀರನ್ನೂ ಮುಟ್ಟಲಿಲ್ಲ, ಚಹಾ ಮುಟ್ಟಲಿಲ್ಲ. ಯಾರಾದರೂ ಆಕಳು ಹೊಡೆದುಕೊಂಡು ಬಂದರೆ ಕೇಳುತ್ತಿದ್ದಳು: “ಮೊದಲನೇದೇನ? ಹಂಗಾರ ಕುಂದ್ರು, ನನ್ನ ಮಣಕದ ಕಥಿ ಹೇಳ್ತೀನಿ.” ಕಥೆ ಕೇಳಿದವರು ಮಣಕ ಹೊಡೆದುಕೊಂಡು ಹಿಂದಿರುಗುತ್ತಿದ್ದರು. ಊರ ಹೆಂಗಸರು ದೇವರ ಗುಡಿಗೆ ಹೋಗುವ ಹಾಗೆ ಅತ್ತೆಯನ್ನು ಮಾತಾಡಿಸಲು ಅವನ ಕೊಟ್ಟಿಗೆಗೆ ಬರತೊಡಗಿದರು. ಕೊನೆಗೆ ಮಾಮಾನೇ ಡಾಕ್ಟರ್ ಬಾಯಿಯವರನ್ನು ಕರೆಸಿದ. ರಕ್ತ ಬರದಂತೆ ನರ ಜಜ್ಜುವ ದೊಡ್ಡ ಇಕ್ಕಳ ತಂದಿದ್ದರು. ಕೆಲಸ ಮುಗಿದ ಮೇಲೆ ಅತ್ತೆ ಸೊಸೆಯನ್ನು ಕರೆದು, “ಯವ್ವಾ, ಒಂದ ತಂಬಗಿ ನೀರ ಕೊಡು,” ಎಂದು ಗಟಗಟ ಕುಡಿದಳು. ಆ ದಿನ ಆಕೆಯ ಮುಖದಲ್ಲಿದ್ದ ಕಳೆಯನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಸೇಡು ಕಹಿ ಎನ್ನುವವರು ಆಕೆ ನೀರು ಕುಡಿದದ್ದನ್ನು ನೋಡಿಲ್ಲ.

ಅತ್ತೆ ಅಷ್ಟಕ್ಕೆ ಬಿಡಲಿಲ್ಲ. ಆ ಎತ್ತಿನ ಎತ್ತರಕ್ಕೆ ಜೋಡಿಯಾಗುವ ಇನ್ನೊಂದು ಎತ್ತು ಎಲ್ಲಿಯೂ ಸಿಗಲಿಲ್ಲ. ಮಾಮಾ ಅದನ್ನು ಕಟ್ಟಿ ಮೇಯಿಸಬೇಕಾಯಿತು. ಅತ್ತೆ ಒಡ್ಡಿನ ಮೇಲೆ ನಿಂತು, “ಜೋಡಿ ಸಿಕ್ಕತೇನ ತಮ್ಮಾ?” ಎಂದು ಅಕ್ಕರೆಯಿಂದ ಕೇಳುತ್ತಿದ್ದಳು. ಮೈಯಲ್ಲಿ ಶಕ್ತಿ ಕುಂದಿ ವಿಜಯಪುರದ ನಮ್ಮ ಮನೆಗೆ ಬರುವ ಮುಂಚೆ ತನ್ನ ಕಿಲಾರಿ ಹೋರಿಯನ್ನು ಯಾರಿಗೆ ಕೊಟ್ಟಳು ಗೊತ್ತೇ? ಮಾಮಾನ ಸೊಸೆಗೆ. “ಕೈ ಚಲೋ ಐತಿ ಹುಡುಗೀದು, ಕಲೀತಾಳ,” ಎಂದಳು ಎಲ್ಲರಿಗೆ. ನನಗೆ ಮಾತ್ರ ಹೇಳಿದಳು: “ನನ್ನ ಹೋರಿ ಅವನ ಗ್ವಾದಲ್ಯಾಗ ಮೇಯ್ತೈತಿ. ದಿನಾ ಅಂವನ ಕಣ್ಣೀಗಿ ಬೀಳಲಿ.”

ಕಡೆಯ ದಿನಗಳಲ್ಲಿ ಆಕೆ ಗುಬ್ಬಿಯಂತಾಗಿದ್ದಳು. ನಾನು ಧೈರ್ಯ ಮಾಡಿ, “ಅತ್ತಿ, ಇನ್ನರೆ ಮಾಮಾಗ ಕ್ಷಮಾ ಮಾಡಿಬಿಡು,” ಎಂದೆ.

“ಮಾಡಿದ್ರ ನನ್ನ ಮಣಕ ಏನಂದೀತು?” ಎಂದಳು. ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡು, “ಒಂದ ಕೆಲಸಾ ಮಾಡು. ನನ್ನ ಮಣ್ಣಿಗಿ ಒಯ್ಯೂವಾಗ ಮುಂದಿನ ಬೊಂಬ ಅವನ ಹೆಗಲಿಗಿ ಕೊಡು. ಮನೀಯಿಂದ ಕುಣೀತನಕಾ ಅಂವನ ಹೊರಬೇಕು. ಬದಲಿ ಮಂದಿ ಬರ್ತಾರ, ಬಿಡಬ್ಯಾಡ. ಭಾರದ ಬೆಲಿ ಗೊತ್ತಿಲ್ಲ ಅಂದಿದ್ದ ನನಗ.” ಆಮೇಲೆ ತನ್ನ ಕೈಯನ್ನು ತಾನೇ ಎತ್ತಿ ನೋಡಿ ಬೇಸರಪಟ್ಟಳು: “ಭಾಳ ಹಗುರ ಆಗೇನಿ. ಅದ ಒಂದ ಚಿಂತಿ.”

ತೀರಿಕೊಂಡಾಗ ಆಕೆಯನ್ನು ಹೊಲದ ಮನೆಗೇ ಒಯ್ದೆವು. ನಮ್ಮಲ್ಲಿ ಹೂಳುವುದು ರೂಢಿ. ವಿಮಾನ ಎನ್ನುವ ಮಂಟಪದಂಥ ಚಟ್ಟ ಕಟ್ಟಿ, ಅದರಲ್ಲಿ ಕುಳ್ಳಿರಿಸಿ, ಕೆಳಗೆ ಎರಡು ಬೊಂಬು ಹಾಯಿಸಿ, ಮುಂದೆ ಇಬ್ಬರು ಹಿಂದೆ ಇಬ್ಬರು ಹೊತ್ತು ಹೊರಡುವುದು. ಸಣ್ಣಮಾಮಾ ಬಂದ. ಇಸ್ತ್ರಿಯ ಬಿಳಿ ಅಂಗಿಯಲ್ಲೇ ಬಂದ, ಅಳುತ್ತಲೂ ಇದ್ದ. “ಮಾಮಾ, ಮುಂದ ನೀವ ಹಿಡೀಬೇಕ್ರಿ. ಅತ್ತಿ ಆಸೆ ಅದು,” ಎಂದೆ. ಅವನಿಗೆ ಇನ್ನಷ್ಟು ಅಳು ಬಂತು. ಅವನ ಬೊಂಬಿನ ಹಿಂತುದಿಗೆ ನಾನು ಹೆಗಲು ಕೊಟ್ಟೆ.

ಸ್ವಲ್ಪ ದೂರ ಹೋದ ಮೇಲೆ ಇಬ್ಬರು ಬದಲಿಗೆ ಬಂದರು. “ಬ್ಯಾಡ್ರಿ,” ಎಂದೆ ಮೃದುವಾಗಿ, “ಮಾಮಾ ಅವರ ಜೀವ ಒಪ್ಪೂದಿಲ್ಲ.” ಮತ್ತೊಬ್ಬ ಬಂದ. ಅವನಿಗೂ ಅದನ್ನೇ ಹೇಳಿದೆ. ಅತ್ತೆ ನಿಜಕ್ಕೂ ಬಹಳ ಹಗುರವಾಗಿದ್ದಳು. ಆಕೆಯ ಚಿಂತೆ ಈಗ ನನ್ನ ತಲೆ ಹತ್ತಿತು. ಚಿಂತೆ ಮಾಡುವುದೊಂದು ನನಗೆ ಬರುವ ವಿದ್ಯೆ. ಎರಡು ತುದಿಗೆ ಇಬ್ಬರು ಹೊತ್ತ ಬೊಂಬಿನಲ್ಲಿ, ಹೊರೆಯಿಂದ ದೂರ ಸರಿದವನ ಪಾಲು ಹತ್ತಿರ ಇರುವವನ ಮೇಲೆ ಬೀಳುತ್ತದೆ ಎಂಬುದು ಶಾಲೆಯಲ್ಲಿ ಕಲಿತ ಪಾಠ. ನಾನು ಗೇಣು ಗೇಣಾಗಿ ಹಿಂದೆ ಸರಿದೆ. ಬೊಂಬಿನ ತೀರ ತುದಿ ನನ್ನ ಹೆಗಲಿಗೆ ಬಂತು. ಮಾಮಾನ ಬೆನ್ನು ಬಾಗಿತು, ಬಿಳಿ ಅಂಗಿ ಬೆವರಿಗೆ ಅಂಟಿಕೊಂಡಿತು.

“ತಮ್ಮಾ,” ಎಂದ ಅವನು, ತಿರುಗಲಾರದೆ, “ಹಿಂದ ಹಿಡದೀಯಿಲ್ಲೋ?”

“ಹಿಡದೇನ್ರಿ ಮಾಮಾ.”

“ಮತ್ತ ಇಷ್ಟ ಯಾಕ ಭಾರ?”

“ಅತ್ತಿ ಅದಾಳಲ್ರಿ.”

ಅವನು ಏದುಸಿರು ಬಿಡುತ್ತ ನಾಲ್ಕು ಹೆಜ್ಜೆ ನಡೆದ. “ಇನ್ನ ಎಷ್ಟ ದೂರೈತಿ?”

ಒಡ್ಡು ಎದುರಿಗೇ ಇತ್ತು, ಅದನ್ನು ದಾಟಿದರೆ ಪಡದ ಅಂಚಿಗೆ ಮನೆತನದವರನ್ನೆಲ್ಲ ಹೂಳುವ ಜಾಗ, ಅಲ್ಲೇ ಕುಣಿ. ಒಡ್ಡಿನ ಬಳಿ ಕೆಸರಿದೆ ಎಂದು ಹೇಳಿ, ನಾನು ಮಂದಿಯನ್ನೆಲ್ಲ ಪಡದ ಸುತ್ತ ಬಳಸಿ ಹೋಗುವ ದಾರಿಗೆ ಹೊರಳಿಸಿದೆ.